ಆ ಟಗರು ಯಾರದು

ನಮ್ಮ ಮನೆಯಲ್ಲಿ ಇಬ್ಬರಿಗೆ ಒಂದೇ ಹೆಸರಿತ್ತು. ಒಬ್ಬಳು ನಾನು, ಇನ್ನೊಬ್ಬಳು ನನ್ನ ಅಜ್ಜಿ, ಅಪ್ಪನ ತಾಯಿ. ಅಜ್ಜಿಗೆ ತಲೆ ನರೆತ ಮೇಲೆ ದೀಕ್ಷಾಸ್ನಾನವಾಗಿ ಹಳೇ ಒಡಂಬಡಿಕೆಯ ಯಾವಳೋ ಹೆಂಗಸಿನ ಹೆಸರು ಬಂದಿತ್ತು. ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದು ನಮ್ಮ ಕಡೆಯ ರೂಢಿಯಾದ್ದರಿಂದ ಅದೇ ನನಗೂ ಬಂತು. ಆದರೆ ಆ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿಲ್ಲ, ಹಾಗಾಗಿ ಅವ್ವ ನನ್ನನ್ನು ಸಣ್ಣಜ್ಜಿ ಅನ್ನುತ್ತಿದ್ದಳು. ಹೆತ್ತ ತಾಯಿಯ ಹೆಸರು ಹಿಡಿದು ಮಗಳನ್ನು ಗದರಿಸಲು ಅಪ್ಪನಿಗೂ ಬಾಯಿ ಬರುತ್ತಿರಲಿಲ್ಲ. ಬೀದಿಯವರಿಗೂ ಶಾಲೆಯ ಮೇಷ್ಟರಿಗೂ ನಾನು ಎಂಟು ವರ್ಷದ ಸಣ್ಣಜ್ಜಿಯೇ. ನಿಜವಾದ ಹೆಸರು ಚರ್ಚಿನ ದಫ್ತರದಲ್ಲಿ ಕನ್ನಡದಲ್ಲೂ ಶಾಲೆಯ ರಿಜಿಸ್ಟರಿನಲ್ಲಿ ತೆಲುಗಿನಲ್ಲೂ ಸುಮ್ಮನೆ ಬಿದ್ದಿತ್ತು.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಒಂದು ಮಧ್ಯಾಹ್ನ ಆ ಹೆಸರು ಹಿಡಿದು ಯಾರೋ ಕರೆದರು.

ಆಗ ನಮ್ಮ ರಾಯದುರ್ಗ ಮದರಾಸಿನ ಕೈಕೆಳಗಿತ್ತು. ಅಪ್ಪ ಮಿಷನ್ನಿನ ಉಪದೇಶಿ. ಬೆಟ್ಟದ ಬುಡದಲ್ಲಿ ಒಂದು ಪುಟ್ಟ ಪ್ರಾರ್ಥನಾಲಯ, ಅದರ ಬೆನ್ನಿಗೇ ನಮ್ಮ ಮನೆ, ಮನೆಯ ಪಕ್ಕ ಒಂದು ತುಂಡು ಕೆಂಪು ಮಸಾರಿ ಹೊಲ. ಹಿತ್ತಲಿನಿಂದ ನೋಡಿದರೆ ಕಾಣುವುದೆಲ್ಲ ಬಂಡೆ, ಅದರ ಮೇಲೆ ಬಂಡೆ, ತುದಿಯಲ್ಲಿ ಕೋಟೆಯ ಗೋಡೆ. ಬಿಸಿಲೇರಿದಾಗ ಆ ಬಂಡೆಗಳು ಸಣ್ಣಗೆ ಸಿಡಿಯುವ ಸದ್ದು ಕೇಳುತ್ತಿತ್ತು. ಮಧ್ಯಾಹ್ನದ ಹೊತ್ತು ಆ ಕಡೆ ಬೆನ್ನು ಮಾಡಿ ಕೂರಲು ನನಗೆ ಭಯ.

ಅಪ್ಪನಿಗೆ ಹಳೇ ಒಡಂಬಡಿಕೆಯ ಮೇಲೆ ವಿಪರೀತ ಪ್ರೀತಿ. ಹೊಸದರಲ್ಲಿ ಕರುಣೆಯಿದೆ, ಹಳೆಯದರಲ್ಲಿ ಕೆಲಸವಿದೆ ಎನ್ನುತ್ತಿದ್ದ. ಮರಳುಗಾಡಿನಲ್ಲಿ ಕುರಿ ಕಾಯುತ್ತಿದ್ದವರಿಗೆ ಎಂದೋ ಹೇಳಿದ ನಿಯಮಗಳನ್ನೆಲ್ಲ ನಮ್ಮ ಮನೆಗೆ ಹೊಂದಿಸುವುದೇ ಅವನ ಕಸುಬು. ವಿಶ್ರಾಂತಿ ದಿನ ಒಲೆ ಹಚ್ಚುವಂತಿಲ್ಲ. ಪಾದ್ರಿಗಳೇ ಭಾನುವಾರ ಬಿಸಿ ಅನ್ನ ಉಣ್ಣುತ್ತಿದ್ದರು, ನಾವು ಮಾತ್ರ ಶನಿವಾರದ ರಾಗಿಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಿದ್ದೆವು. ಹೊಲದಲ್ಲಿ ಶೇಂಗಾ ಕಿತ್ತರೆ ಒಂದು ಮೂಲೆ ಹಾಗೆಯೇ ಬಿಡಬೇಕು, ಅದು ಬಡವರಿಗೆ ಮತ್ತು ಪರದೇಶಿಗೆ. ಮನೆಯವರು ಅಲ್ಲಿಂದ ಒಂದು ಕಾಯಿ ಕಿತ್ತರೂ ಕಳ್ಳತನ. ಉಪದೇಶಿಗೆ ಸೊಂಟ ಬಗ್ಗುವುದಿಲ್ಲ, ಅದಕ್ಕೇ ಮೂಲೆ ಬಿಟ್ಟಿದ್ದಾನೆ ಎಂದು ಬೀದಿಯವರು ನಗುತ್ತಿದ್ದರು.

ಅಜ್ಜಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ಅವಳು ಮಡಕಶಿರಾ ಕಡೆಯ ಕುರಿ ಸಾಕುವ ಮನೆಯವಳು, ಓದು ಬರಹ ಬಾರದವಳು, ಗಂಡ ಸತ್ತ ಮೇಲೆ ಮಗನ ಮನೆಗೂ ಮಗನ ದೇವರಿಗೂ ಒಟ್ಟಿಗೇ ಬಂದವಳು. ಹಕ್ಕಲು ಆಯುವವರಿಗೆ ಹೊಲದಲ್ಲಿ ನಾಲ್ಕು ಕಾಯಿ ಬಿಡುವುದು ತನ್ನ ಅತ್ತೆಯ ಕಾಲದಿಂದಲೂ ಇದೆ, ಇದಕ್ಕೆ ಬೆಟ್ಟ ಹತ್ತಿ ದೇವರ ಕೈಯಲ್ಲಿ ಕಲ್ಲಿನ ಮೇಲೆ ಬರೆಸಿಕೊಂಡು ಬರಬೇಕಿತ್ತೇ ಎಂದು ಕೇಳುತ್ತಿದ್ದಳು. ದೇವರ ಹೆಸರನ್ನು ಬಾಯಿಗೆ ಬಂದಂತೆ ಎತ್ತಬಾರದು ಎಂಬ ಆಜ್ಞೆ ಅವಳಿಗೆ ಬಹಳ ಹಿಡಿಸಿತ್ತು. ದೊಡ್ಡವರ ಹೆಸರು ಹೇಳಬಾರದೆಂದು ಅಲ್ಲಿನವರಿಗೂ ಗೊತ್ತಿದೆ, ಮರ್ಯಾದಸ್ಥರು ಎಂದಳು. ಆ ಪುಸ್ತಕದ ಹೀಬ್ರೂ ಹೆಸರುಗಳು ಮಾತ್ರ ಅವಳ ನಾಲಿಗೆಗೆ ಹೊಂದುತ್ತಿರಲಿಲ್ಲ. ಎಲ್ಲರನ್ನೂ ಅವರವರು ಮಾಡಿದ ಕೆಲಸದಿಂದಲೇ ಗುರುತಿಸುತ್ತಿದ್ದಳು: ಮಗನನ್ನು ಕೊಯ್ಯಲು ಹೋದ ಮುದುಕ, ಗುಡಿಯಲ್ಲಿ ಮಲಗಿದ್ದ ಹುಡುಗ. ತನ್ನ ಹೆಸರನ್ನೂ ಸರಿಯಾಗಿ ಹೇಳಲು ಬಾರದೆ ನಡುವಿನ ಒಂದು ಅಕ್ಷರ ನುಂಗಿ, ಕೊನೆಗೆ ತನ್ನ ಊರಿನ ಒಂದು "ಕ್ಕ" ಅಂಟಿಸಿ ಹೇಳುತ್ತಿದ್ದಳು. ಹಾಗೆ ಹೇಳುವವರು ಭೂಮಿಯ ಮೇಲೆ ಅವಳೊಬ್ಬಳೇ.

ಅಪ್ಪನ ನಿಯಮಗಳಲ್ಲಿ ಅಜ್ಜಿ ಒಪ್ಪದೆ ಹೋದದ್ದು ಒಂದೇ. ಯಾರು ಕರೆದರೂ ಮೊದಲ ಕರೆಗೇ "ಇದ್ದೇನೆ" ಅನ್ನಬೇಕೆಂದು ಅಪ್ಪ ನನಗೆ ಕಲಿಸಿದ್ದ. ದೇವರು ಕರೆದಾಗ ಆ ಮುದುಕನೂ ಆ ಹುಡುಗನೂ ಹಾಗೆಯೇ ಅಂದರಂತೆ, ವಿಧೇಯತೆ ಅಂದರೆ ಅದೇ ಅಂತೆ. ನಮ್ಮ ಊರಿನ ಮಾತಿನಲ್ಲಿ "ಅದೀನ್ರಿ" ಅಂದರೆ ಅವನಿಗೆ ಸಾಲದು, ಪುಸ್ತಕದಲ್ಲಿದ್ದಂತೆಯೇ ಆಗಬೇಕು. ನೆರೆಮನೆಯವಳು ಕೊತ್ತಂಬರಿ ಕೇಳಲು ಕರೆದಾಗ ನಾನು ಗಟ್ಟಿಯಾಗಿ "ಇದ್ದೇನೆ" ಎಂದರೆ ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಅಜ್ಜಿಯ ಪದ್ಧತಿ ಬೇರೆ. ಯಾರೂ ಇಲ್ಲದ ಹೊತ್ತಿನಲ್ಲಿ ಹೊರಗಿನಿಂದ ಕರೆ ಬಂದರೆ ಮೂರನೆಯ ಸಲಕ್ಕೇ ಓಗೊಡಬೇಕು.

"ಮಟಮಟ ಮಧ್ಯಾನ್ದಾಗೆ ಒಂದೇ ಸಲಕ್ಕೆ ಓ ಅನ್ಬಾರ್ದು ಕಣವ್ವ," ಅನ್ನುತ್ತಿದ್ದಳು. "ಅದಕ್ಕೆ ಎರಡೇ ಉಸ್ರು. ಮನುಸ್ರಾದ್ರೆ ಮೂರ್ನೇ ಸಲ ಕರೀತಾರೆ."

ಅದು ಅಂದರೆ ಯಾವುದು ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಅದರ ಹೆಸರನ್ನೂ ಎತ್ತಬಾರದು.

ತಾಯಿ ಮಗನಿಗೆ ಈ ವಿಷಯದಲ್ಲಿ ವಾದ ಹತ್ತಿದರೆ ಅವ್ವನಿಗೆ ಫಜೀತಿ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಇಬ್ಬರಿಗೂ ತಲೆಯಾಡಿಸಿ ಒಲೆಯ ಮುಂದೆ ಕೂರುತ್ತಿದ್ದಳು. ಗುಡಿಯಲ್ಲಿ ಮಲಗಿದ್ದ ಹುಡುಗ ಮೊದಲ ಕರೆಗೇ ಎದ್ದು ಓಡಲಿಲ್ಲವೇ ಎಂದು ಅಪ್ಪ ಒಮ್ಮೆ ಕೇಳಿದ.

"ಓಡ್ದ. ಎಲ್ಲಿಗೆ ಓಡ್ದ?" ಎಂದಳು ಅಜ್ಜಿ. "ಮೂರ್ ಸಲಾನೂ ಆ ಕುರುಡು ಪೂಜಾರಿ ಕರ್ದ ಅಂತ ಅವ್ನ್ ತಾವ್ಕೆ ಓಡ್ದ. ಆಮೇಕೆ ಸುಮ್ಕೆ ಮಲಗಿದ್ ತಾವಿಂದ್ಲೇ ಓ ಅಂದ. ನಿನ್ ದೇವ್ರಿಗೂ ನಮ್ ಪದ್ಧತಿ ಗೊತ್ತೈತೆ ಬಿಡಪ್ಪ."

ಅಪ್ಪ ಪುಸ್ತಕ ತೆಗೆದು ಆ ಪುಟ ಹುಡುಕತೊಡಗಿದ. ಇನ್ನೊಂದು ಭಾನುವಾರ ಅವಳು ಅದಕ್ಕಿಂತ ಜೋರು ಮಾಡಿದಳು. ಮಗನನ್ನು ಬಲಿಕೊಡಲು ಮುದುಕ ಕತ್ತಿ ಎತ್ತಿದ್ದು, ಮುಳ್ಳಿನ ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡಿದ್ದ ಟಗರು ಕಂಡದ್ದು, ಮಗನ ಬದಲು ಅದನ್ನೇ ಕೊಟ್ಟದ್ದು, ಇದನ್ನೆಲ್ಲ ಅಪ್ಪ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದ. ಹೆಂಗಸರ ಸಾಲಿನಿಂದ ಅಜ್ಜಿ ಕೂತಲ್ಲಿಂದಲೇ ಕೇಳಿದಳು:

"ಆ ಟಗರು ಯಾರ್ದಪ್ಪ?"

ದೇವರು ಒದಗಿಸಿದ್ದು ಎಂದು ಅಪ್ಪ ಹೇಳಿದ. ಒದಗಿಸಿದ್ದು ಸರಿ, ಯಾರ ಹಿಂಡಿನಿಂದ ಒದಗಿಸಿದ, ಕೊಂಬು ಬಲಿತ ಟಗರು ಅಂದಮೇಲೆ ಯಾರೋ ಸಾಕಿರಬೇಕು, ಅವರು ಹುಡುಕಿಕೊಂಡು ಬರಲಿಲ್ಲವೇ ಎಂದು ಅವಳು ಬಿಡಲಿಲ್ಲ. ಜನ ನಕ್ಕರು. ಅಪ್ಪ ಬೇಗ ಪ್ರಾರ್ಥನೆಗೆ ಎದ್ದು ನಿಂತ. ಅಜ್ಜಿಗೂ ಒಂದು ಟಗರಿತ್ತು, ಊರಿನಿಂದ ಮರಿಯಾಗಿ ತಂದದ್ದು, ಹಿತ್ತಲ ಬೇವಿನ ಮರಕ್ಕೆ ಕಟ್ಟಿರುತ್ತಿದ್ದಳು. ಅವಳ ಪ್ರಶ್ನೆ ತಮಾಷೆಯದಾಗಿರಲಿಲ್ಲ.

ಆ ವರ್ಷ ಶೇಂಗಾ ಕಿತ್ತು ಮೂರ್ನಾಲ್ಕು ದಿನವಾಗಿತ್ತು. ಅಪ್ಪ ಸೈಕಲ್ ಹತ್ತಿ ಕಣೇಕಲ್ಲಿನ ಸಂತೆಗೆ ಉಪದೇಶಕ್ಕೆ ಹೋಗಿದ್ದ. ಅವ್ವ ನೀರಿಗೆ ಹೋಗಿದ್ದಳು. ಅಜ್ಜಿ ನಡುಮನೆಯಲ್ಲಿ ರಾಗಿ ಕೇರುತ್ತಿದ್ದಳು. ನಾನು ಯಾರಿಗೂ ಕಾಣದಂತೆ ಹೊಲದ ಆ ಮೂಲೆಗೆ ಹೋಗಿ, ಬಡವರಿಗೂ ಪರದೇಶಿಗೂ ಬಿಟ್ಟ ಗಿಡಗಳನ್ನು ಕಿತ್ತು ಕಾಯಿಗಳನ್ನು ಲಂಗದ ಮಡಿಲಿಗೆ ಹಾಕಿಕೊಳ್ಳುತ್ತಿದ್ದೆ. ಮನೆಯಲ್ಲಿ ಮೂಟೆಗಟ್ಟಲೆ ಶೇಂಗಾ ಇತ್ತು. ಆದರೂ ಆ ಮೂಲೆಯದೇ ಬೇಕಿತ್ತು, ಯಾಕೆಂದರೆ ಅದು ಬೇಡ ಎಂದಿದ್ದರು.

ಆಗ ಕರೆದರು.

ಕೂಗಲಿಲ್ಲ, ಕರೆದರು. ರಿಜಿಸ್ಟರು ನೋಡಿ ಹೆಸರು ಓದುವವರ ದನಿ ಇರುತ್ತದಲ್ಲ, ಹಾಗೆ. ಗಂಡಸಿನದೆಂದೂ ಹೆಂಗಸಿನದೆಂದೂ ಹೇಳಲಾರೆ. ಬಹಳ ಹತ್ತಿರದಿಂದ, ನನ್ನ ಬೆನ್ನ ಹಿಂದಿನಿಂದ, ಬಂಡೆಗಳಿದ್ದ ಕಡೆಯಿಂದ. ನಾನು ಕಾಯಿ ಕದಿಯುತ್ತ ಸಿಕ್ಕಿಬಿದ್ದಿದ್ದೆ. ಅಪ್ಪನೇ ಬಂದನೋ, ಅಪ್ಪನ ದೇವರೇ ಬಂದನೋ ಎಂಬ ಹೆದರಿಕೆಗೆ ಕಲಿಸಿದ್ದೇ ಬಾಯಿಗೆ ಬಂತು. "ಇದ್ದೇನೆ" ಅಂದೆ.

ತಿರುಗಿ ನೋಡಿದರೆ ಯಾರೂ ಇಲ್ಲ. ಹೊಲ ಖಾಲಿ, ಬೇಲಿಯಾಚೆ ಖಾಲಿ. ಎರಡನೆಯ ಕರೆ ಬರಲಿಲ್ಲ. ನಾನು ಓಗೊಟ್ಟಾಗಿತ್ತಲ್ಲ, ಮತ್ತೆ ಯಾಕೆ ಕರೆಯಬೇಕು? ಬೇವಿನ ಮರದ ಕೆಳಗೆ ಅಜ್ಜಿಯ ಟಗರು ಮೆಲುಕು ಹಾಕುವುದನ್ನು ನಿಲ್ಲಿಸಿ ನನ್ನ ಕಡೆ ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆ ನನಗೆ ಗೊತ್ತಾಯಿತು, ಅದು ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಪಕ್ಕದಲ್ಲಿ, ಒಂದು ಮೊಳ ಆಚೆಗೆ. ಅದರ ಕಿವಿಗಳು ಅತ್ತ ತಿರುಗಿದ್ದವು.

ನಾನು ಓಡಿಹೋಗಿ ಅಜ್ಜಿಯ ಮಡಿಲಿಗೆ ಬಿದ್ದೆ. ಕಾಯಿ ಕದ್ದದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಮೊರ ಪಕ್ಕಕ್ಕಿಟ್ಟು ಎಷ್ಟನೆಯ ಸಲಕ್ಕೆ ಓ ಅಂದೆ ಎಂದು ಕೇಳಿದಳು. ಮೊದಲನೆಯದಕ್ಕೇ ಅಂದೆ. ಯಾವ ಹೆಸರು ಹಿಡಿದು ಕರೆಯಿತು ಎಂದಳು. ನಮ್ಮ ಹೆಸರು ಅಂದೆ. ಅವಳು ನನ್ನ ಗಲ್ಲ ಹಿಡಿದು ಕೇಳಿದಳು:

"ಸರ್ಯಾಗಿ ಯೋಳು ಮಗಾ. ನಿಮ್ಮಪ್ಪ ಯೋಳೋ ಹಂಗೆ ಕರೀತೋ, ನಾನ್ ಯೋಳೋ ಹಂಗೆ ಕರೀತೋ?"

ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರವೇ ಇಂದಿಗೂ ನನ್ನನ್ನು ತಿನ್ನುತ್ತಿದೆ. "ನೀ ಹೇಳೋ ಹಂಗ, ಅಜ್ಜಿ" ಅಂದೆ. ನಿಜವಾಗಿ ಹಾಗೇ ಕೇಳಿಸಿತ್ತೇ? ಈಗ ಕಣ್ಣು ಮುಚ್ಚಿದರೆ ಎರಡೂ ರೀತಿಯಲ್ಲಿ ಕೇಳಿಸುತ್ತದೆ. ನನ್ನ ಪಾಲಿಗೆ ಬಂದದ್ದನ್ನು ಬೇರೆ ಯಾರಾದರೂ ತೆಗೆದುಕೊಂಡರೆ ಸಾಕು ಎಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಿದ್ದಂತೂ ನಿಜ. ಎಂಟು ವರ್ಷದ ಮಗುವಿಗೂ ಅಷ್ಟು ಲೆಕ್ಕಾಚಾರ ಇರುತ್ತದೆ.

ಅಜ್ಜಿಯ ಮುಖ ಹಗುರಾಯಿತು. ಹಾಗಾದರೆ ಅದು ತನ್ನನ್ನು ಕರೆದದ್ದು, ನೀನು ಸುಮ್ಮನೆ ನಡುವೆ ಬಾಯಿ ಹಾಕಿದೆ ಎಂದಳು. ನನ್ನ ಮಡಿಲ ಕಾಯಿಗಳನ್ನು ತನ್ನ ಸೆರಗಿಗೆ ಹಾಕಿಕೊಂಡು ಹೋಗಿ ಆ ಮೂಲೆಯಲ್ಲಿ ಚೆಲ್ಲಿ ಬಂದಳು.

ಸಂಜೆಗೆ ನನಗೆ ಚಳಿ ಹತ್ತಿತು. ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು, ಆಮೇಲೆ ಮೈ ಕಾದ ಹಂಚಾಯಿತು. ಅಪ್ಪ ಬಂದವನೇ ಹಣೆ ಮುಟ್ಟಿ ನೋಡಿ, ಕಣೇಕಲ್ಲು ಕೆರೆಯ ಸುತ್ತ ಮನೆಮನೆಗೂ ಇದೇ ಚಳಿಜ್ವರವಿದೆ, ಹೆದರುವುದೇನೂ ಇಲ್ಲ ಎಂದ. ಪೋಸ್ಟಾಫೀಸಿನಲ್ಲಿ ಮಾರುತ್ತಿದ್ದ ಕ್ವಿನೈನ್ ಪೊಟ್ಟಣ ತಂದು ನೀರಿನಲ್ಲಿ ಕದಡಿ ಕುಡಿಸಿದ. ಅಜ್ಜಿ ಕರೆಯ ವಿಷಯ ಹೇಳಿದಾಗ ಅವನು ನಕ್ಕುಬಿಟ್ಟ. ಆದರೂ ಬೆಳಿಗ್ಗೆ ಅಕ್ಕಪಕ್ಕದ ಮನೆಗಳಲ್ಲಿ ಯಾರಾದರೂ ಕರೆದಿದ್ದಿರಾ ಎಂದು ಸದ್ದಿಲ್ಲದೆ ವಿಚಾರಿಸಿ ಬಂದ. ಯಾರಿಗೂ ಆ ಹೆಸರೇ ಗೊತ್ತಿರಲಿಲ್ಲ. ಬೆಟ್ಟದ ಬಂಡೆ ಯಾರದೋ ಕೂಗನ್ನು ತಿರುಗಿಸಿ ಕೊಟ್ಟಿರಬೇಕು ಎಂದು ತೀರ್ಮಾನ ಮಾಡಿದ. ಆ ಹೆಸರಿನ ಕೂಗನ್ನು ಬಂಡೆಗೆ ಮೊದಲು ಯಾರು ಕೊಟ್ಟರು ಎಂದು ಅವ್ವ ಕೇಳಿದಾಗ ಅವನು ಮಾತು ಬದಲಿಸಿದ.

ಮರುದಿನ ಜ್ವರ ಇಳಿಯಲಿಲ್ಲ. ನೇಮಕಲ್ಲಿಗೆ ಹೋಗಿ ಆಂಜನೇಯನ ಒಂದು ದಾರ ತಂದುಬಿಡೋಣವೇ ಎಂದು ನೆರೆಮನೆಯವಳು ಅವ್ವನ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ಅವ್ವ ಅಳುತ್ತಿದ್ದಳು, ಬೇಡ ಎನ್ನಲಿಲ್ಲ. ಅಜ್ಜಿ ಮಾತ್ರ ಬಿಸಿಲೇರುತ್ತಿದ್ದಂತೆ ತಲೆಯ ಮೇಲೆ ಸೆರಗು ಹೊದ್ದು ಹೊಲದ ಮೂಲೆಗೆ ಹೋಗಿ ಬಂಡೆಗಳ ಕಡೆ ಮುಖ ಮಾಡಿ ಕೂತಳು. ಅಪ್ಪ ಹೋಗಿ ಕರೆದ. ಅದು ತನ್ನನ್ನು ಇನ್ನೊಂದು ಸಲ ಕರೆಯಬೇಕು, ಕರೆಯದೆ ಓಗೊಡಲು ಬರುವುದಿಲ್ಲ, ಅದಕ್ಕೇ ಕಾಯುತ್ತಿದ್ದೇನೆ ಎಂದಳಂತೆ. ಅಪ್ಪನಿಗೆ ಸಿಟ್ಟು ಬಂತು.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತು ನಿಂದು," ಎಂದು ಗದರಿದ. "ಎದ್ದು ಒಳಗ ಬಾರವ್ವ."

ಅವಳು ಏಳಲಿಲ್ಲ. ಆ ಮಾತಿಗಾಗಿ ಅವನನ್ನು ನಾನು ಬಹಳ ವರ್ಷ ಕ್ಷಮಿಸಲಿಲ್ಲ. ಆಮೇಲೆ ಅವನೂ ತನ್ನನ್ನು ಕ್ಷಮಿಸಿಕೊಂಡಿಲ್ಲವೆಂದು ತಿಳಿದು ಬಿಟ್ಟುಬಿಟ್ಟೆ.

ಮೂರನೆಯ ದಿನ ಮಧ್ಯಾಹ್ನ ನನ್ನನ್ನು ಹಿತ್ತಲ ಬಾಗಿಲ ಬಳಿ ಮಲಗಿಸಿದ್ದರು. ಜ್ವರದ ಕಣ್ಣಿಗೆ ಬೆಟ್ಟವೆಲ್ಲ ನಡುಗುತ್ತಿತ್ತು. ಗಾಳಿಯಿಲ್ಲ, ಕಾಗೆಯ ಸದ್ದಿಲ್ಲ. ಅಜ್ಜಿ ಮೂಲೆಯಲ್ಲಿ ಕೂತಿದ್ದಳು. ಇದ್ದಕ್ಕಿದ್ದಂತೆ ಟಗರು ತಲೆಯೆತ್ತಿ ಕಿವಿ ನಿಗುರಿಸಿತು. ನನಗೇನೂ ಕೇಳಿಸಲಿಲ್ಲ. ಅಜ್ಜಿ ಬಲಗೈ ಮೇಲೆತ್ತಿ ಒಂದು ಬೆರಳು ಮಡಚಿದಳು. ಸ್ವಲ್ಪ ಹೊತ್ತು ಬಿಟ್ಟು ಎರಡನೆಯ ಬೆರಳು ಮಡಚಿದಳು. ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಅದಕ್ಕೆ ಎರಡೇ ಉಸಿರು, ಇನ್ನು ಕರೆಯುವುದಿಲ್ಲ ಎಂದು ನಾನು ಅಂದುಕೊಂಡೆ, ಅಳು ಬಂತು, ಅದು ಯಾರಿಗಾಗಿ ಬಂದ ಅಳು ಎಂದು ತಿಳಿಯದು. ಅಷ್ಟರಲ್ಲಿ ಅವಳು ಮೂರನೆಯ ಬೆರಳು ಮಡಚಿದಳು.

ಮಡಚಿ ಎದ್ದು ನಿಂತಳು. ಬೀಗರ ಮುಂದೆ ಹೋಗುವವಳ ಹಾಗೆ ಸೆರಗು ಸರಿಮಾಡಿಕೊಂಡಳು. ಜನ್ಮದಲ್ಲಿ ಎಂದೂ "ಓ" ಎನ್ನುವುದರ ಹೊರತು ಬೇರೆ ಅನ್ನದವಳು, ಅಪ್ಪನ ಪುಸ್ತಕದಲ್ಲಿದ್ದಂತೆಯೇ, ಒಂದಕ್ಷರವೂ ನುಂಗದೆ, "ಇದ್ದೇನೆ" ಅಂದಳು.

ಆಮೇಲೆ ಏನೂ ಆಗದವಳಂತೆ ಒಳಗೆ ಬಂದು ಕೈಕಾಲು ತೊಳೆದು, ಅವ್ವನನ್ನು ಕೇಳಿ ಹಾಕಿಸಿಕೊಂಡು ಎರಡು ಮುದ್ದೆ ಉಂಡಳು. ನನ್ನ ಪಕ್ಕ ಬಂದು ಕೂತು ಹಣೆಯ ಮೇಲೆ ಕೈಯಿಟ್ಟಳು. ಅವಳ ಕೈ ಅಷ್ಟು ಬಿಸಿಲಲ್ಲಿ ಕೂತು ಬಂದರೂ ತಣ್ಣಗಿತ್ತು. ಮೂರು ಸಲ ಕರೆಯಿತೇ ಎಂದು ಕೇಳಿದೆ. ಹೂಂ ಅಂದಳು. ಹಾಗಾದರೆ ಅದು ಯಾರು ಎಂದೆ. ಅವಳು ಬೇರೇನೋ ಹೇಳಿದಳು.

"ಆ ಟಗರು ಯಾರ್ದು ಅಂತ ಈಗ ಗೊತ್ತಾತು ಕಣವ್ವ. ಅದುನ್ನ ಯಾರೂ ಕಟ್ಟಿರ್ಲಿಲ್ಲ. ಅದೇ ಬಂದಿತ್ತು."

ಆ ಸಂಜೆ ನಾನು ಹಾಸಿಗೆ ಒದ್ದೆಯಾಗುವಷ್ಟು ಬೆವೆತೆ. ಜ್ವರ ಬಿಟ್ಟಿತು. ಕ್ವಿನೈನ್ ಕೆಲಸ ಮಾಡಿತು ಎಂದ ಅಪ್ಪ, ಮಾಡಿರಲೂ ಬಹುದು. ಮಾರನೆಯ ದಿನ ಅಜ್ಜಿ ಮಲಗಿದಳು. ಜ್ವರವಿಲ್ಲ, ಕೆಮ್ಮಿಲ್ಲ, ನೋವಿಲ್ಲ. ಸುಮ್ಮನೆ ಮಲಗಿದಳು, ಮೂರನೆಯ ದಿನ ಉಸಿರು ನಿಂತಿತು.

ಬೆಟ್ಟದ ಪಕ್ಕದ ನಮ್ಮವರ ಸಮಾಧಿ ಜಾಗದಲ್ಲಿ ಮಣ್ಣು ಮಾಡಿದರು. ಅಪ್ಪ ಒಂದು ಚಪ್ಪಡಿ ಕಲ್ಲು ನೆಟ್ಟು ಸುಣ್ಣದಲ್ಲಿ ತಾನೇ ಹೆಸರು ಬರೆದ. ನನ್ನ ಪೂರ್ತಿ ಹೆಸರನ್ನು ಎಲ್ಲರಿಗೂ ಕಾಣುವಂತೆ ಬರೆದದ್ದನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಓದಿ ಮುಗಿಸಿದಾಗ ಯಾರೂ ಓಗೊಡಲಿಲ್ಲವಲ್ಲ ಎಂದು ಸಮಾಧಾನವಾಯಿತು. ಕದ್ದ ಕಾಯಿಗಳು ಆ ಮೂಲೆಯಲ್ಲಿ ಚೆಲ್ಲಿದಂತೆಯೇ ಬಿದ್ದಿದ್ದವು, ಆ ವರ್ಷ ಅಲ್ಲಿಗೆ ಹಕ್ಕಲಿಗೆ ಯಾರೂ ಬರಲಿಲ್ಲ. ಟಗರನ್ನು ಅಪ್ಪ ಮಾರಲಿಲ್ಲ, ಕೊಯ್ಯಲು ಕೊಡಲೂ ಇಲ್ಲ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಪ್ಪ ಪ್ರಾರ್ಥನಾಲಯದಲ್ಲಿ ಒಬ್ಬನೇ ಕೂತು ಓದುತ್ತಿದ್ದ. ಅವ್ವ ಊಟಕ್ಕೆ ಕರೆಯಲು ನನ್ನನ್ನು ಕಳಿಸಿದಳು. ಬಿಸಿಲಿಗೆ ಕಾಲು ಸುಡುತ್ತಿದ್ದರಿಂದ ಬೇವಿನ ನೆರಳಲ್ಲೇ ನಿಂತು "ಅಪ್ಪಾ" ಎಂದೆ. ಒಳಗೆ ಪುಟ ತಿರುಗುವ ಸದ್ದು ನಿಂತಿತು. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ಕಿಟಕಿಯಲ್ಲಿ ಅವನು ಬೆನ್ನು ನೆಟ್ಟಗೆ ಮಾಡಿ ಕೂತಿದ್ದು ಕಾಣುತ್ತಿತ್ತು, ಮೇಜಿನ ಮೇಲಿನ ಕೈಯಲ್ಲಿ ಎರಡು ಬೆರಳು ಮಡಚಿದ್ದವು. ಮೂರನೆಯ ಸಲ ಕರೆದಾಗ "ಅದೀನವ್ವ" ಎಂದು ಎದ್ದು ಬಂದ. ಬೆವೆತಿದ್ದ. ಇಬ್ಬರೂ ಊಟಕ್ಕೆ ಹೋದೆವು.

ಮಗನನ್ನು ಕೊಯ್ಯಲು ಹೋದ ಮುದುಕನ ಪಾಠ ಮರುವರ್ಷ ಮತ್ತೆ ಬಂತು. ಅಪ್ಪ ಕತ್ತಿಯವರೆಗೂ ಸಲೀಸಾಗಿ ಓದಿದ. ಮುಳ್ಳಿನ ಪೊದೆಯ ಹತ್ತಿರ ಬಂದಾಗ ಅವನ ದನಿ ನಿಂತಿತು. ಹೆಂಗಸರ ಸಾಲಿನಲ್ಲಿ ಅಜ್ಜಿ ಕೂರುತ್ತಿದ್ದ ಜಾಗವನ್ನು ಯಾರೂ ಇನ್ನೂ ತುಂಬಿರಲಿಲ್ಲ, ಅದರ ಪಕ್ಕ ನಾನಿದ್ದೆ. ಅವನು ಆ ಖಾಲಿ ಜಾಗ ನೋಡಿದ, ನನ್ನನ್ನು ನೋಡಿದ. ಪುಸ್ತಕ ಮುಚ್ಚಿದ.

"ಆ ಟಗರು ಯಾರದು ಅಂತ ಒಬ್ರು ಕೇಳಿದ್ರು," ಎಂದ. "ಆವತ್ತು ನನಗ ಹೇಳಾಕ ಬರಲಿಲ್ರಿ. ಅದು ನಮ್ಮನೀದು."

ಅಷ್ಟು ಹೇಳಿ ಕೆಳಗೆ ಇಳಿದು ಬಂದು, ನನ್ನ ಪಕ್ಕ ಆ ಖಾಲಿ ಜಾಗದಲ್ಲಿ ನೆಲದ ಮೇಲೆ ಕೂತುಬಿಟ್ಟ. ಜನ ಕಾದರು, ಆಮೇಲೆ ಒಬ್ಬೊಬ್ಬರಾಗಿ ಎದ್ದು ಹೋದರು. ಅವನು ಮೊದಲ ಬಾರಿಗೆ ನನ್ನನ್ನು ಆ ಹೆಸರಿನಿಂದ, ಅವನ ತಾಯಿ ಹೇಳುತ್ತಿದ್ದ ಹಾಗೆಯೇ ಒಂದಕ್ಷರ ನುಂಗಿ, ಮೆಲ್ಲಗೆ ಮೂರು ಸಲ ಕರೆದ. ಮೂರನೆಯದಕ್ಕೆ ನಾನು ಓ ಅಂದೆ.